ಮುಂಚಕ್ರ ಮೊದಲು ನೆಲಕ್ಕೆ

ಸೈಕಲ್ಲನ್ನು ಗೂಡ್ಸ್ ರಿಕ್ಷಾದಿಂದ ಇಳಿಸಿ ನನ್ನ ಶೆಡ್ಡಿನ ಗೋಡೆಗೆ ಒರಗಿಸಿದ ಮೇಲೆ ಕ್ಲಬ್ಬಿನ ಅಧ್ಯಕ್ಷರು ಹೇಳಿದ್ದು ಇಷ್ಟೇ: "ಬಾಯಮ್ಮ, ಇದನ್ನು ನೀವು ಮುರಿಯಬೇಕು. ನಿಮ್ಮಿಂದ ಮುರಿಯಲಿಕ್ಕೆ ಆಗದಿದ್ದರೆ ನಾವು ಮಕ್ಕಳಿಗೆ ಕೊಡ್ತೇವೆ."

ಚೌತಿ ಕಳೆದು ಒಂದು ವಾರ ಆಗಿತ್ತು. ದಸರಾ ರಜೆಯಲ್ಲಿ ಇನ್ನಂಜೆ ಹತ್ತಿರದ ಹಳೆಯ ಕೆಂಪುಕಲ್ಲಿನ ಕೋರೆಯೊಂದರಲ್ಲಿ ಬಿಎಂಎಕ್ಸ್ ಕಲಿಸುವ ಶಿಬಿರ ಮಾಡುವುದೆಂದು ಅವರ ಕ್ಲಬ್ಬು ತೀರ್ಮಾನಿಸಿತ್ತು. ಬಿಎಂಎಕ್ಸ್ ಎಂದರೆ ಸಣ್ಣ ಚಕ್ರ, ಎತ್ತರದ ಹ್ಯಾಂಡಲ್, ತಗ್ಗಿದ ಸೀಟು, ಗೇರಿಲ್ಲದ ಗಟ್ಟಿ ಸೈಕಲ್. ಮಣ್ಣಿನ ದಿಬ್ಬ ಹತ್ತಿ ಗಾಳಿಗೆ ಹಾರಿ ಇಳಿಯುವುದೇ ಅದರ ಆಟ. ಕಲ್ಲು ಕಡಿದು ಮುಗಿದ ಆ ಹೊಂಡದಲ್ಲಿ ದಿಬ್ಬಗಳನ್ನು ಕಟ್ಟಲಿಕ್ಕೆ ಕಾರ್ಕಳದ ಒಬ್ಬ ವ್ಯಾಪಾರಿ ತನ್ನ ಜೆಸಿಬಿಯನ್ನು ಎಂಟು ದಿವಸ ಬಾಡಿಗೆಯಿಲ್ಲದೆ ಕಳುಹಿಸಿದ್ದ. ಹೊಸಬರ ಸೈಕಲ್ಲುಗಳನ್ನು ಪೂರೈಸುವವನೂ ಅವನೇ. ಬಿಡಿಭಾಗಗಳನ್ನು ಬೇರೆ ಊರಿಂದ ತರಿಸಿ, ಕಾರ್ಕಳದ ತನ್ನ ಗೋದಾಮಿನಲ್ಲಿ ಜೋಡಿಸಿ, ತನ್ನದೇ ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರುತ್ತಿದ್ದ. ಹನ್ನೆರಡು ಸೈಕಲ್ ಆಗಲೇ ಕೋರೆಯ ಶೆಡ್ಡಿಗೆ ಬಂದಿದ್ದವು. ಅದರಲ್ಲೊಂದು ಈಗ ನನ್ನೆದುರು ನಿಂತದ್ದು. ಗಿಳಿಹಸಿರು ಬಣ್ಣ, ದಪ್ಪ ಟಯರು, ನೋಡಲಿಕ್ಕೆ ಚೆಂದ.

"ಸೈಕಲ್ ನನ್ನ ವಿಷಯ ಅಲ್ಲ ಸರ್," ಎಂದೆ. ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ನಾನು ಮಾಡುವುದು ಬೆಸುಗೆಯ ತಪಾಸಣೆ. ಟ್ರೈಲರಿನ ಚಾಸಿ, ಆಸ್ಪತ್ರೆಯ ಮಂಚ, ನೀರಿನ ಟ್ಯಾಂಕಿನ ಕಾಲು, ಇಂಥವು.

ಅಧ್ಯಕ್ಷರು ನಿವೃತ್ತ ಪಿ.ಟಿ. ಮೇಷ್ಟ್ರು. ಅವರು ನಕ್ಕು, "ಇದು ಬೆಸುಗೆಯಿಂದಲೇ ನಿಂತದ್ದು ಅಲ್ವಾ?" ಎಂದರು. ಒಪ್ಪಿಕೊಂಡೆ.

ಮೊದಲ ದಿನ ಸೈಕಲ್ಲನ್ನು ಪೂರ್ತಿ ಬಿಚ್ಚಿದೆ. ಒಂದೊಂದೇ ಭಾಗವನ್ನು ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಇಟ್ಟು ಬರೆದುಕೊಂಡೆ. ಹಿಂಚಕ್ರದ ನಡುವಿನ ಗುಂಬದೊಳಗೆ ಗ್ರೀಸು ಹೆಸರಿಗೆ ಮಾತ್ರ ಇತ್ತು. ಕಡ್ಡಿಗಳು ಒಂದು ಬಿಗಿ, ಒಂದು ಸಡಿಲ. ಪೆಡಲಿನ ದಂಡ ಗಟ್ಟಿ ಇತ್ತು. ಹಿಂದಿನ ಬ್ರೇಕಿನ ಕೇಬಲ್ ಉದ್ದ ಹೆಚ್ಚಾಗಿತ್ತು. ಇವೆಲ್ಲ ಯಾವ ಸೈಕಲ್ ಅಂಗಡಿಯವನೂ ಅರ್ಧ ದಿನದಲ್ಲಿ ಸರಿ ಮಾಡುವಂಥವು. ಬೆಸುಗೆಗಳ ಮೇಲೆ ಬಣ್ಣ ದಪ್ಪವಾಗಿ ಕುಳಿತಿತ್ತು. ಭೂತಗನ್ನಡಿ ಹಿಡಿದು ನೋಡಿದೆ, ಉಗುರಿನಿಂದ ಸವರಿ ನೋಡಿದೆ, ಏನೂ ಸಿಕ್ಕಲಿಲ್ಲ. ಬಣ್ಣ ತೆಗೆದು ನೋಡಬೇಕಿತ್ತು. ಆದರೆ ಮುರಿಯದಿದ್ದರೆ ಸೈಕಲ್ಲನ್ನು ಬಂದ ಹಾಗೇ ಹಿಂದಿರುಗಿಸಬೇಕು ಎಂದು ವ್ಯಾಪಾರಿ ಷರತ್ತು ಹಾಕಿದ್ದ. ಹಾಗಾಗಿ ತೆಗೆಯಲಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ತಪ್ಪು ಅದು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಎರಡನೆಯ ದಿನ ಬೀಳಿಸುವ ಕೆಲಸ. ಮರಳು ತುಂಬಿದ ಚೀಲಗಳನ್ನು ಸೀಟಿಗೂ ಪೆಡಲಿಗೂ ಹ್ಯಾಂಡಲಿಗೂ ಕಟ್ಟಿದೆ, ಒಟ್ಟು ಅರುವತ್ತು ಕಿಲೋ. ಶೆಡ್ಡಿನ ತೊಲೆಗೆ ರಾಟೆ ಹಾಕಿ ಸೈಕಲ್ಲನ್ನು ಸೊಂಟದೆತ್ತರಕ್ಕೆ ಎಳೆದು ಹಗ್ಗ ಬಿಟ್ಟೆ. ಕಾಂಕ್ರೀಟಿಗೆ ಅದು ಅಪ್ಪಳಿಸಿದ ಸದ್ದಿಗೆ ಪಕ್ಕದ ಲೇತ್ ಶೆಡ್ಡಿನವರು ಕೆಲಸ ಬಿಟ್ಟು ಓಡಿ ಬಂದರು. ಅವರಿಗೆ ವಿಷಯ ಹೇಳಿ ಮತ್ತೆ ಎಳೆದೆ, ಮತ್ತೆ ಬಿಟ್ಟೆ. ಐವತ್ತು ಸಲ ಹಿಂಚಕ್ರದ ಮೇಲೆ, ಐವತ್ತು ಸಲ ಎರಡೂ ಚಕ್ರದ ಮೇಲೆ. ಒಂದು ಚೀಲ ಒಡೆದು ಮರಳು ಕಣ್ಣಿಗೆ ಹಾರಿತು. ಹಗ್ಗ ಜಾರಿ ಅಂಗೈಯ ಚರ್ಮ ಕಿತ್ತುಕೊಂಡು ಹೋಯಿತು. ಸಂಜೆಯ ಹೊತ್ತಿಗೆ ನೆಲದ ಕಾಂಕ್ರೀಟಿನಲ್ಲಿ ತಟ್ಟೆಯಷ್ಟಗಲ ಸಿಪ್ಪೆ ಎದ್ದಿತ್ತು. ಹಿಂದಿನ ರಿಮ್ಮು ಸ್ವಲ್ಪ ಸೊಟ್ಟಗಾಗಿತ್ತು. ಚೌಕಟ್ಟಿಗೂ ಫೋರ್ಕಿಗೂ ಏನೂ ಆಗಿರಲಿಲ್ಲ.

ಮೂರನೆಯ ದಿನ ರಿಮ್ಮು ನೇರ ಮಾಡಿಸಿ ಕೋರೆಗೆ ಹೋದೆವು. ಶಿಬಿರದಲ್ಲಿ ಕಲಿಸಲಿಕ್ಕಿದ್ದ ತರಬೇತುದಾರ ಅಬುಧಾಬಿಯಲ್ಲಿ ಬೆಳೆದ ಇಪ್ಪತ್ತೆಂಟರ ಯುವಕ. ಮಾತು ಕಡಿಮೆ, ಮೊಣಕೈ ಮೊಣಕಾಲಿನ ತುಂಬ ಹಳೆಯ ಗಾಯದ ಬಿಳಿ ಗೀರು. ಅವನು ಎರಡು ಗಂಟೆ ಓಡಿಸಿದ. ದಿಬ್ಬದಿಂದ ಹಾರಿದ, ಮೆಟ್ಟಿಲಿನಂತೆ ಕಡಿದು ಬಿಟ್ಟಿದ್ದ ಕಲ್ಲಿನ ಅಂಚಿನಿಂದ ಕೆಳಗೆ ದುಮುಕಿದ. ಎರಡಾಳೆತ್ತರದಿಂದ ಇಳಿಯುವಾಗಲೂ ಸದ್ದು 'ತಪ್' ಎಂದು ಮಾತ್ರ. ಬೆವರು ಒರೆಸಿಕೊಂಡು ಬಂದು, "ಏನೂ ತೊಂದರೆ ಇಲ್ಲ ಅಕ್ಕ. ಸ್ವಲ್ಪ ಭಾರ ಉಂಟು. ಹೊಸಬರಿಗೆ ಇದು ಧಾರಾಳ," ಎಂದ.

ಅಧ್ಯಕ್ಷರಿಗೆ ಸಂತೋಷವಾಯಿತು. "ಹಾಗಾದರೆ ನಾಳೆ ಬರೆದು ಕೊಡಿ," ಎಂದರು.

ಮರುದಿನ ಬೆಳಿಗ್ಗೆ ಬರೆಯಲು ಕುಳಿತೆ. ಕೊನೆಯ ಸಾಲಿಗೆ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ಆ 'ತಪ್' ಎಂಬ ಸದ್ದೇ ತಲೆಯಲ್ಲಿ ಕೂತಿತ್ತು. ನನ್ನ ಶೆಡ್ಡಿನಲ್ಲಿ ಸೊಂಟದೆತ್ತರದಿಂದ ಬಿದ್ದಾಗ ಓಣಿಯೇ ನಡುಗಿತ್ತು. ಅವನು ಎರಡಾಳೆತ್ತರದಿಂದ ಇಳಿದರೂ ಸದ್ದಿಲ್ಲ. ಯಾಕೆಂದರೆ ಇಳಿಯುವಾಗ ಪೆಟ್ಟು ತಿನ್ನುತ್ತಿದ್ದದ್ದು ಅವನ ಮೊಣಕಾಲು, ಸೊಂಟ, ಮೊಣಕೈ. ಹತ್ತು ವರ್ಷ ಬಿದ್ದು ಕಲಿತ ಮೈ ಅದು. ಶಿಬಿರಕ್ಕೆ ಬರುವವರ ಮೈ ಹಾಗಿರುವುದಿಲ್ಲ. ಅವರು ಹೆದರುತ್ತಾರೆ, ಕೈ ಸೆಟೆಸುತ್ತಾರೆ, ಮೂತಿ ಮುಂದಾಗಿ ಬೀಳುತ್ತಾರೆ. ಹೊಸಬರಿಗಾಗಿ ಮಾಡಿದ ಸೈಕಲ್ಲನ್ನು ನಾವು ಬಲ್ಲವನಿಂದ ಓಡಿಸಿ ನೋಡಿದ್ದೆವು.

ತರಬೇತುದಾರನಿಗೆ ಫೋನು ಮಾಡಿ, "ನೀನು ಹೊಸಬರ ಹಾಗೆ ಬೀಳಬೇಕು ಮಾರಾಯ," ಎಂದೆ.

ಬಂದ. ಪ್ರಯತ್ನಪಟ್ಟ. ಮುಂಚಕ್ರ ಮೊದಲು ನೆಲಕ್ಕೆ ಬಡಿಯುವ ಹಾಗೆ ಹಾರು ಎಂದರೆ ಕೊನೆಯ ಗಳಿಗೆಯಲ್ಲಿ ಅವನ ಸೊಂಟ ತಾನಾಗಿ ಹಿಂದಕ್ಕೆ ಹೋಗಿ ಹಿಂಚಕ್ರವೇ ಮೊದಲು ತಾಗುತ್ತಿತ್ತು. ಏಳೆಂಟು ಸಲ ಹಾಗೇ ಆಯಿತು. ಕೊನೆಗೆ ಅವನೇ ಸೈಕಲ್ ನಿಲ್ಲಿಸಿ, "ಆಗುದಿಲ್ಲ ಅಕ್ಕ. ಮೈ ಕೇಳುದಿಲ್ಲ," ಎಂದ.

ಆಗ ನಾನು ಹೆಲ್ಮೆಟ್ ಕೇಳಿದೆ.

ನನಗೆ ನಲವತ್ತನಾಲ್ಕು. ಎಪ್ಪತ್ತೊಂದು ಕಿಲೋ. ಕೆಮ್ಮಣ್ಣು ಊರಿನ ಮನೆಯಿಂದ ಚರ್ಚಿಗೆ, ಮೀನಿನ ಮಾರ್ಕೆಟಿಗೆ ಲೇಡೀಸ್ ಸೈಕಲ್ ತುಳಿದದ್ದು ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ. ಆ ಕೋರೆಯಲ್ಲಿ ನಿಜವಾದ ಹೊಸಬಳು ನಾನೊಬ್ಬಳೇ. ತರಬೇತುದಾರ ಬೇಡ ಎಂದ. ಅಧ್ಯಕ್ಷರು ಫೋನಿನಲ್ಲಿ ಬೇಡವೇ ಬೇಡ ಎಂದರು. ಶಿಬಿರದ ಮಕ್ಕಳಿಗೆಂದು ತಂದಿಟ್ಟಿದ್ದ ಹೆಲ್ಮೆಟನ್ನೇ ತಲೆಗೆ ಹಾಕಿಕೊಂಡೆ. ಅದು ತಲೆಯನ್ನು ಮುಚ್ಚುತ್ತದೆ, ಮುಖವನ್ನಲ್ಲ. ಮೊಣಕಾಲಿಗೆ, ಮೊಣಕೈಗೆ ಕವಚ ಕಟ್ಟಿಕೊಂಡೆ. ಎಲ್ಲಕ್ಕಿಂತ ಸಣ್ಣ ದಿಬ್ಬ, ನನ್ನ ಎದೆಯೆತ್ತರದ್ದು. ಶಿಬಿರದ ಮೂರನೆಯ ದಿನ ಮಕ್ಕಳನ್ನು ಹತ್ತಿಸಬೇಕೆಂದಿದ್ದದ್ದು ಅದೇ ದಿಬ್ಬ.

ಮೊದಲ ಸಲ ದಿಬ್ಬದ ತುದಿಯಲ್ಲೇ ಹೆದರಿ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ಹೊಟ್ಟೆಗೆ ಬಡಿದು ಉಸಿರು ನಿಂತುಹೋಯಿತು. ಎರಡನೆಯ ಸಲ ಎಡಕ್ಕೆ ವಾಲಿ ಪಕ್ಕೆಯ ಮೇಲೆ ಬಿದ್ದೆ. ಆ ಮಣ್ಣಿನಲ್ಲಿ ಕೆಂಪುಕಲ್ಲಿನ ಚೂರುಗಳಿದ್ದವು, ಅವು ಅಂಗಿಯನ್ನೂ ತೊಗಲನ್ನೂ ಒಟ್ಟಿಗೇ ಹರಿದವು. ಮೂರನೆಯ ಸಲ ಪೆಡಲ್ ತಿರುಗಿ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಹೊಡೆಯಿತು. ಪೆಡಲಿನ ಹಲ್ಲುಗಳು ಸಾಲಾಗಿ ನಾಲ್ಕು ತೂತು ಮಾಡಿದ್ದವು. ಪ್ರತಿ ಸಲ ಬಿದ್ದಾಗಲೂ ತರಬೇತುದಾರ ಮೊದಲು ನನ್ನನ್ನು ಎಬ್ಬಿಸುತ್ತಿದ್ದ, ನಾನು ಮೊದಲು ಸೈಕಲ್ಲನ್ನು ನೋಡುತ್ತಿದ್ದೆ. ಯಾವ ಚಕ್ರ ಮೊದಲು ತಾಗಿತು, ಹ್ಯಾಂಡಲ್ ತಿರುಗಿತೇ, ಯಾವ ನಟ್ಟು ಸಡಿಲಾಯಿತು ಎಂದು ಅವನಿಗೆ ಹೇಳಿ ಬರೆಸುತ್ತಿದ್ದೆ. ಅಂದು ಹದಿಮೂರು ಸಲ ಬಿದ್ದೆ. ಹದಿಮೂರರಲ್ಲಿ ಒಂಬತ್ತು ಸಲ ಮುಂಚಕ್ರವೇ ಮೊದಲು ನೆಲಕ್ಕೆ ಬಡಿದಿತ್ತು.

ಮನೆಗೆ ಹೋಗಿ ಬಿಸಿನೀರು ಹೊಯ್ದುಕೊಂಡರೆ ಮೈಯೆಲ್ಲ ಉರಿ. ದೋಹಾದಿಂದ ಗಂಡ ವಿಡಿಯೋ ಕರೆ ಮಾಡಿದರು. ಫೋನನ್ನು ಮೇಲಕ್ಕೆ ಹಿಡಿದು ಹಣೆ ಮಾತ್ರ ತೋರಿಸಿದೆ.

ಮರುದಿನ ಬೆಳಿಗ್ಗೆ ನಾಲ್ಕನೆಯ ಹಾರಾಟ. ಹಾರುವವರೆಗೆ ಚೆನ್ನಾಗಿಯೇ ಇತ್ತು. ಗಾಳಿಯಲ್ಲಿ ಹ್ಯಾಂಡಲನ್ನು ಎದೆಗೆ ಎಳೆದುಕೊಳ್ಳಬೇಕೆಂದು ಅವನು ಹೇಳಿಕೊಟ್ಟಿದ್ದ. ಹೆದರಿಕೆಗೆ ನಾನು ಅದನ್ನು ದೂರಕ್ಕೆ ತಳ್ಳಿದೆ. ಮುಂಚಕ್ರ ಮುಂದಿನ ದಿಬ್ಬದ ಮುಖಕ್ಕೆ ನೇರ ಹೋಗಿ ಗುದ್ದಿತು. ತೆಂಗಿನ ಒಣ ಗರಿಯ ಕೊತ್ತಳಿಗೆ ಮುರಿದಂಥ ಒಂದು ಸದ್ದು ಕೇಳಿಸಿತು. ಕೈಯಲ್ಲಿ ಹ್ಯಾಂಡಲ್ ಇತ್ತು, ಅದರ ಕೆಳಗೆ ಚಕ್ರ ಇರಲಿಲ್ಲ. ಚೌಕಟ್ಟಿನ ಮೂತಿ ಮಣ್ಣಿಗೆ ಹೂತಿತು. ನನ್ನ ಗಲ್ಲ ಹ್ಯಾಂಡಲಿನ ಅಡ್ಡಸಲಾಕೆಗೆ ಬಡಿಯಿತು, ಆಮೇಲೆ ಬಲಭುಜ ನೆಲಕ್ಕೆ.

ಬಾಯಿಗೆ ಕೈ ಹಾಕಿದರೆ ಒಂದು ಹಲ್ಲು ಕೈಗೆ ಬಂತು. ತರಬೇತುದಾರ ತನ್ನ ಅಂಗಿ ಬಿಚ್ಚಿ ನನ್ನ ಗಲ್ಲಕ್ಕೆ ಒತ್ತಿ ಹಿಡಿದ. "ಅಕ್ಕ, ಮಾತಾಡ್ಬೇಡಿ," ಎಂದ. ನಾನು ಎಡಗೈಯಿಂದ ತೋರಿಸಿದೆ, ಆ ಚಕ್ರ ತೆಗೆದುಕೊಂಡು ಬಾ ಎಂದು.

ಉಡುಪಿಯ ಆಸ್ಪತ್ರೆಯಲ್ಲಿ ಗಲ್ಲಕ್ಕೆ ಏಳು ಹೊಲಿಗೆ ಹಾಕಿದರು. ಬಲಗಡೆಯ ಕೊರಳೆಲುಬು ಮುರಿದಿತ್ತು, ಕೈಯನ್ನು ಜೋಳಿಗೆಯಲ್ಲಿ ಕುತ್ತಿಗೆಗೆ ಕಟ್ಟಿದರು. ಎಕ್ಸರೇ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು ಮುರಿದ ಫೋರ್ಕನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದೆ. ಫೋರ್ಕ್ ಎಂದರೆ ಮುಂಚಕ್ರವನ್ನು ಹಿಡಿದುಕೊಳ್ಳುವ ಎರಡು ಕಾಲು. ಅವು ಮೇಲೆ ಒಂದಾಗುವಲ್ಲಿ ಒಂದು ಕೊಳವೆ ಬೆಸೆದಿರುತ್ತಾರೆ, ಹ್ಯಾಂಡಲಿಗೆ ಹೋಗುವ ಕೊಳವೆ. ಆ ಬೆಸುಗೆಯ ಅಂಚಿನಲ್ಲೇ ಅದು ಕಡಿದುಹೋಗಿತ್ತು. ಕಡಿದ ಮುಖದ ಹೆಚ್ಚಿನ ಪಾಲು ಹೊಸ ಮುರಿತದ ಬೂದು ಹೊಳಪು. ಮುಂಬದಿಯಲ್ಲಿ ಮಾತ್ರ ಉಗುರಿನಷ್ಟು ಅಗಲದ ಒಂದು ಚಂದ್ರ. ಅದು ಕಪ್ಪಾಗಿತ್ತು. ಅದರ ಹೊರ ಅಂಚಿನಲ್ಲಿ ಗಿಳಿಹಸಿರು ಬಣ್ಣ ಒಳಗಿನವರೆಗೂ ಇಳಿದಿತ್ತು.

ಬಣ್ಣ ಒಳಗೆ ಇಳಿಯಬೇಕಾದರೆ ಬಣ್ಣ ಹಚ್ಚುವಾಗಲೇ ಬಿರುಕು ಇರಬೇಕು. ಬೆಸೆದಾಗಲೇ ಬಿಟ್ಟ ಬಿರುಕು ಅದು. ನನ್ನ ನೂರು ಮರಳಿನ ಪೆಟ್ಟಿಗೆ ಅದು ಯಾಕೆ ಸಿಕ್ಕಲಿಲ್ಲ ಎಂಬುದೂ ಆಗ ತಿಳಿಯಿತು. ಸೈಕಲ್ ಮೇಲಿನಿಂದ ನೇರ ಬಿದ್ದರೆ ಓರೆಯಾಗಿ ನಿಂತ ಫೋರ್ಕಿನ ಕಾಲು ಮುಂದಕ್ಕೆ ಬಾಗುತ್ತದೆ. ಆಗ ಮುಂಬದಿಯ ಬಿರುಕು ಬಾಯಿ ಮುಚ್ಚಿಕೊಳ್ಳುತ್ತದೆ. ಎದುರಿನಿಂದ ಗುದ್ದಿದರೆ ಕಾಲು ಹಿಂದಕ್ಕೆ ಹೋಗುತ್ತದೆ, ಬಿರುಕು ಬಾಯಿ ತೆರೆಯುತ್ತದೆ. ಇಡೀ ಒಂದು ದಿವಸ ಬೆವರು ಸುರಿಸಿ ನಾನು ಆ ಬಿರುಕನ್ನು ಮುಚ್ಚುತ್ತಾ ಕೂತಿದ್ದೆ.

ವ್ಯಾಪಾರಿ ಅದೇ ಸಂಜೆ ಆಸ್ಪತ್ರೆಗೆ ಬಂದ. ಐವತ್ತು ದಾಟಿದ ದಪ್ಪ ಆಳು, ಬಿಳಿ ಅಂಗಿ. ಹಣ್ಣಿನ ಚೀಲ ಮೇಜಿನ ಮೇಲಿಟ್ಟು ನಯವಾಗಿಯೇ ಮಾತು ಶುರು ಮಾಡಿದ. "ಮೇಡಂ, ನೂರು ಸಲ ಎತ್ತಿ ಕುಕ್ಕಿದ ಮೇಲೆ ಯಾವ ಸೈಕಲ್ ಉಳೀತದೆ? ಅದರ ಮೇಲೆ ನಿಮಗೆ ಓಡಿಸ್ಲಿಕ್ಕೆ ಬರುದಿಲ್ಲ. ತಪ್ಪು ನನ್ನ ಮಾಲಿನದ್ದಾ?"

"ಹಸಿರು ಬಣ್ಣ ಒಳಗೆ ಉಂಟು," ಎಂದೆ. ಹೊಲಿಗೆ ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು.

"ಒಂದರಲ್ಲಿ ಇರಬಹುದು. ಒಂದನ್ನು ನೋಡಿ ಹನ್ನೆರಡನ್ನೂ ಕೆಟ್ಟದು ಅಂತ ಹೇಳ್ತೀರಾ? ನಾನು ಜೆಸಿಬಿ ಕೊಟ್ಟವ. ನನ್ನ ಹೆಸರು ಹಾಳು ಮಾಡ್ಲಿಕ್ಕೆ ಬಿಡುದಿಲ್ಲ."

ಅವನು ಹೇಳಿದ್ದರಲ್ಲಿ ಅರ್ಧ ಸರಿಯಿತ್ತು. ಒಂದು ಮಾದರಿಯಿಂದ ಹನ್ನೊಂದರ ಬಗ್ಗೆ ತೀರ್ಪು ಕೊಡಲಿಕ್ಕೆ ಆಗುವುದಿಲ್ಲ. ಅವನು ಹೋದ ಮೇಲೆ ಬಂದ ಅಧ್ಯಕ್ಷರೂ ಗೊಂದಲದಲ್ಲಿದ್ದರು. ಶಿಬಿರಕ್ಕೆ ಒಂಬತ್ತು ದಿನ ಉಳಿದಿತ್ತು, ಹೆಸರು ಕೊಟ್ಟ ಮಕ್ಕಳ ಪಟ್ಟಿ ಅವರ ಕಿಸೆಯಲ್ಲಿತ್ತು. "ಬೇರೆ ಫೋರ್ಕುಗಳನ್ನು ಮುರಿಯದೆ ನೋಡಲಿಕ್ಕೆ ದಾರಿ ಉಂಟಾ ಬಾಯಮ್ಮ?" ಎಂದು ಕೇಳಿದರು.

ದಾರಿ ಇತ್ತು. ಅದು ನನ್ನ ನಿತ್ಯದ ಕೆಲಸವೇ. ಆದರೆ ಬಣ್ಣ ತೆಗೆಯಬೇಕಾಗುತ್ತಿತ್ತು. ಷರತ್ತಿನ ಮಾತು ಇನ್ನು ನಾನು ಕೇಳುವುದಿಲ್ಲ ಎಂದೆ. ಅವರು ಕಿಸೆಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡು, "ತೆಗೆಯಿರಿ," ಎಂದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಕೋರೆಯ ಶೆಡ್ಡಿನಲ್ಲಿ ಕೂತೆವು. ನನ್ನದು ಒಂದೇ ಕೈ, ಹಾಗಾಗಿ ಬಿಚ್ಚುವ ಕೆಲಸ ತರಬೇತುದಾರನದ್ದು. ಮುಂಚಕ್ರ ಕಳಚಿ, ಹ್ಯಾಂಡಲ್ ಸಡಿಲಿಸಿ, ಹನ್ನೊಂದು ಫೋರ್ಕುಗಳನ್ನು ಹೊರಗೆಳೆದ. ಬೆಸುಗೆಯ ಸುತ್ತ ಬಣ್ಣ ಕರಗಿಸುವ ದ್ರಾವಣ ಹಚ್ಚಿ ಒರೆಸಿದೆವು. ಅವನು ಮರಳು ಕಾಗದ ತೆಗೆದುಕೊಂಡಾಗ ಬೇಡ ಎಂದೆ. ಉಜ್ಜಿದರೆ ಲೋಹದ ಪುಡಿ ಬಿರುಕಿನ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಕೆಂಪು ದ್ರಾವಣ ಸಿಂಪಡಿಸಿ ಕಾಲು ಗಂಟೆ ಬಿಟ್ಟೆವು. ಅದು ಎಂಥ ಸಣ್ಣ ಸೀಳಿಗೂ ಇಳಿಯುತ್ತದೆ. ಮೇಲಿನದ್ದನ್ನು ಚೊಕ್ಕಟವಾಗಿ ಒರೆಸಿ, ಅದರ ಮೇಲೆ ಸುಣ್ಣದಂಥ ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಒಳಗಿದ್ದ ಕೆಂಪನ್ನು ಆ ಬಿಳಿ ಹೊರಗೆ ಹೀರುತ್ತದೆ.

ಮೊದಲ ಎರಡು ಫೋರ್ಕು ಬಿಳಿಯಾಗಿಯೇ ಉಳಿದವು. ಮೂರನೆಯದರಲ್ಲಿ, ನೋಡುತ್ತಿದ್ದ ಹಾಗೆ, ಮುಂಬದಿಯಲ್ಲಿ ಒಂದು ಕೆಂಪು ಗೆರೆ ಮೂಡಿತು. ಬ್ಲೇಡಿನಲ್ಲಿ ಬೆರಳು ಕೊಯ್ದಾಗ ರಕ್ತ ನಿಧಾನವಾಗಿ ಬರುತ್ತದಲ್ಲ, ಹಾಗೆ. ತರಬೇತುದಾರ ಅದನ್ನು ಬೇರೆ ಇಟ್ಟು ನಾಲ್ಕನೆಯದನ್ನು ತೆಗೆದುಕೊಂಡ.

ಹನ್ನೊಂದೂ ಮುಗಿದಾಗ ನಾಲ್ಕರಲ್ಲಿ ಗೆರೆ ಇತ್ತು.

ಅಷ್ಟರಲ್ಲಿ ವ್ಯಾಪಾರಿಯ ಪಿಕಪ್ ಕೋರೆಯೊಳಗೆ ಇಳಿಯಿತು. ಅಧ್ಯಕ್ಷರು ವಿಷಯ ತಿಳಿಸಿದ್ದರಂತೆ, ಮುಚ್ಚಿಡುವುದು ಸರಿಯಲ್ಲ ಎಂದು. ಅವನ ಜೊತೆ ಇಬ್ಬರು ಗೋದಾಮಿನ ಆಳುಗಳಿದ್ದರು. ಬಿಚ್ಚಿ ಬಿದ್ದಿದ್ದ ಸೈಕಲ್ಲುಗಳನ್ನೂ, ಬಣ್ಣ ಹೋದ ಫೋರ್ಕುಗಳನ್ನೂ ಕಂಡು ಅವನ ಮುಖ ಉಬ್ಬಿತು.

"ಯಾರು ಹೇಳಿದ್ದು ಬಿಚ್ಚಲಿಕ್ಕೆ?"

"ನಾನು," ಎಂದೆ. "ನಾಲ್ಕರಲ್ಲಿ ಬಿರುಕು ಉಂಟು. ಬಂದು ನೋಡಿ."

"ಎಂತ ನೋಡುದು? ಕೆಂಪು ಶಾಯಿ ಹಚ್ಚಿ ನಾಟಕ ಮಾಡ್ತೀಯಾ?" ಆಳುಗಳಿಗೆ ಹೇಳಿದ, "ಎಲ್ಲ ಗಾಡಿಗೆ ಹಾಕಿ."

ತರಬೇತುದಾರ ಗೆರೆಯಿದ್ದ ನಾಲ್ಕು ಫೋರ್ಕುಗಳನ್ನು ಹಿಂದಕ್ಕೆ ಸರಿಸಿ ಅವುಗಳ ಮುಂದೆ ನಿಂತ. ಒಬ್ಬ ಆಳು ಅವನ ಎದೆಗೆ ಕೈ ಕೊಟ್ಟು ತಳ್ಳಿದ. ಇವನೂ ತಳ್ಳಿದ. ಇನ್ನೊಬ್ಬ ನೆಲದಲ್ಲಿದ್ದ ಹ್ಯಾಂಡಲನ್ನು ಎತ್ತಿ ಬೀಸಿದ. ಅದು ತರಬೇತುದಾರನ ಕಿವಿಯ ಮೇಲ್ಭಾಗಕ್ಕೆ ಬಿತ್ತು. ಅವನು ಮೊಣಕಾಲೂರಿದ. ಬಿದ್ದವನ ಬೆನ್ನಿಗೆ ಮತ್ತೊಂದು ಪೆಟ್ಟು. ನಾನು ನಡುವೆ ಹೋಗಿ ಎಡಗೈಯಿಂದ ಹ್ಯಾಂಡಲನ್ನು ಹಿಡಿದುಕೊಂಡೆ. ಆಗ ವ್ಯಾಪಾರಿ ನನ್ನನ್ನು ಹೊಡೆದ. ಅಂಗೈ ಬಿಡಿಸಿ, ಪೂರ್ತಿ ತೋಳು ಬೀಸಿ, ಹೊಲಿಗೆ ಹಾಕಿದ ಗಲ್ಲದ ಮೇಲೆಯೇ.

ನಾನು ಬಿದ್ದದ್ದು ನೆನಪಿಲ್ಲ. ಬಿದ್ದಲ್ಲಿಂದ ಮೇಲೆ ನೋಡಿದ್ದು ನೆನಪುಂಟು. ಗಲ್ಲದಿಂದ ಬಿಸಿಯಾಗಿ ಕುತ್ತಿಗೆಗೆ ಇಳಿಯುತ್ತಿತ್ತು. ಕೊರಳೆಲುಬಿನಲ್ಲಿ ಯಾರೋ ಕಾದ ಸಲಾಕೆ ತಿರುಗಿಸಿದ ಹಾಗೆ. ವ್ಯಾಪಾರಿ ತನ್ನ ಕೈಯನ್ನೇ ನೋಡುತ್ತಿದ್ದ. ಅವನ ಬೆರಳುಗಳಿಗೆ ನನ್ನ ರಕ್ತ ಅಂಟಿತ್ತು. ಆಳುಗಳಿಬ್ಬರೂ ನಿಂತಲ್ಲೇ ನಿಂತಿದ್ದರು. ಹೆಂಗಸಿಗೆ ಹೊಡೆಯುವುದು ಅವರ ಲೆಕ್ಕದಲ್ಲೂ ಇರಲಿಲ್ಲವೋ ಏನೋ.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಕೈಗೆ ಸಿಕ್ಕಿದ್ದನ್ನು ಅವನ ತಲೆಗೆ ಹಾಕುವಷ್ಟು ಬಂತು. ನಿಜ ಹೇಳಬೇಕೆಂದರೆ ಕೈ ಒಂದು ಸುತ್ತಿಗೆಯ ಮೇಲೆಯೇ ಹೋಯಿತು. ಚೈನಿನ ಪಿನ್ನು ತೆಗೆಯಲು ತಂದಿದ್ದದ್ದಲ್ಲ, ಕಲ್ಲು ಒಡೆಯುವ ಎರಡು ಕಿಲೋದ್ದು, ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಹಿಡಿದು ಎದ್ದು ನಿಂತೆ. ಅವನು ಒಂದು ಹೆಜ್ಜೆ ಹಿಂದೆ ಹೋದ.

ನಾನು ಅವನ ಕಡೆ ಹೋಗಲಿಲ್ಲ. ಶೆಡ್ಡಿನ ಮೇಜಿಗೆ ಒಂದು ವೈಸ್ ಜಡಿದಿತ್ತು, ಕಬ್ಬಿಣವನ್ನು ಕಚ್ಚಿ ಹಿಡಿಯುವ ಯಂತ್ರ. ಗೆರೆಯಿದ್ದ ಒಂದು ಫೋರ್ಕನ್ನು ಎತ್ತಿ, ಅದರ ಕೊಳವೆಯನ್ನು ವೈಸಿನ ಬಾಯಿಗೆ ಕೊಟ್ಟು, ಒಂದೇ ಕೈಯಲ್ಲಿ ಬಿಗಿದೆ. ಹೊತ್ತು ಹಿಡಿಯಿತು. ಆಮೇಲೆ ಸುತ್ತಿಗೆಯ ಹಿಡಿಯನ್ನು ಅವನ ಕಡೆ ಚಾಚಿದೆ.

"ಹೊಡೆಯಬೇಕು ಅಲ್ವಾ ನಿಮಗೆ? ಇದಕ್ಕೆ ಹೊಡೆಯಿರಿ. ಮುಂದಿನಿಂದ, ಕಾಲಿನ ತುದಿಗೆ."

ಅವನು ತೆಗೆದುಕೊಂಡ. ಯಾಕೆ ತೆಗೆದುಕೊಂಡ ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಸಿಟ್ಟು ಇಳಿದಿರಲಿಲ್ಲ ಎಂದು ಕಾಣುತ್ತದೆ. ಮೊದಲ ಪೆಟ್ಟಿಗೆ ಶೆಡ್ಡಿನ ತಗಡು ಝಣ್ ಎಂದಿತು. ಎರಡನೆಯ ಪೆಟ್ಟಿಗೆ ಫೋರ್ಕು ಬೆಸುಗೆಯಲ್ಲಿ ಕಳಚಿ ಗೋಡೆಗೆ ಹಾರಿ ಬಿತ್ತು. ಅವನು ಅದನ್ನೇ ನೋಡಿದ.

"ಇದು ಹಳತು ಇರಬೇಕು," ಎಂದ. ದನಿ ಕುಗ್ಗಿತ್ತು.

"ಇನ್ನು ಮೂರು ಉಂಟು."

ಅವನೇ ಇನ್ನೊಂದನ್ನು ವೈಸಿಗೆ ಕಟ್ಟಿ ಹೊಡೆದ. ಮೂರು ಪೆಟ್ಟಿಗೆ ಹೋಯಿತು. ಆಮೇಲೆ ನಾನು ಗೆರೆಯಿಲ್ಲದ ಒಂದನ್ನು ಕಾಲಿನಿಂದ ಅವನ ಕಡೆ ನೂಕಿದೆ. ಅದಕ್ಕೆ ಹೊಡೆದ, ಹೊಡೆದ, ಅಂಗಿ ಬೆನ್ನಿಗೆ ಅಂಟುವವರೆಗೆ ಹೊಡೆದ. ಫೋರ್ಕಿನ ಕಾಲುಗಳು ಹಿಂದಕ್ಕೆ ಬಾಗಿ ಕೊಕ್ಕೆಯ ಹಾಗಾದವು. ಬೆಸುಗೆ ಬಿಡಲಿಲ್ಲ. ಕೊನೆಗೆ ಸುತ್ತಿಗೆ ಕೆಳಗಿಟ್ಟು, ಮುರಿದ ತುಂಡೊಂದನ್ನು ಎತ್ತಿಕೊಂಡು ಶೆಡ್ಡಿನ ಬಾಗಿಲ ಬೆಳಕಿಗೆ ಹೋದ. ಅಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳಗಿದ್ದ ಹಸಿರು ಅವನಿಗೆ ಕಂಡಿತು ಎಂದು ನನಗೆ ಗೊತ್ತಾದದ್ದು, ಹೆಬ್ಬೆರಳಿನಿಂದ ಅದನ್ನು ಉಜ್ಜಿ ತೆಗೆಯಲು ನೋಡಿದಾಗ.

ಆಮೇಲೆ ಆಳುಗಳನ್ನು ಕರೆದುಕೊಂಡು ಪಿಕಪ್ ಹತ್ತಿದ. ಸೈಕಲ್ಲುಗಳು ಅಲ್ಲೇ ಉಳಿದವು.

ತರಬೇತುದಾರನ ಕಿವಿಗೆ ನಾಲ್ಕು ಹೊಲಿಗೆ, ನನ್ನ ಗಲ್ಲಕ್ಕೆ ಹೊಸದಾಗಿ ಒಂಬತ್ತು. ಮರುದಿನ ಅಧ್ಯಕ್ಷರು ಮನೆಗೆ ಬಂದರು. ವ್ಯಾಪಾರಿ ಎಲ್ಲ ಫೋರ್ಕುಗಳನ್ನೂ ಬದಲಾಯಿಸಿ ಕೊಡಲು ಒಪ್ಪಿದ್ದನಂತೆ, ಬೆಸುಗೆಯವರನ್ನೂ ಬದಲಾಯಿಸುತ್ತಾನಂತೆ. "ಅವನಿಗೆ ನಾಚಿಕೆ ಆಗಿದೆ ಬಾಯಮ್ಮ. ಆ ಹೊಡೆದ ವಿಷಯ ವರದಿಯಲ್ಲಿ ಬರೆಯಬೇಡಿ. ಆಗಬಹುದಾ?"

"ವರದಿಯಲ್ಲಿ ಬರೆಯುದಿಲ್ಲ," ಎಂದೆ. "ವರದಿ ಸೈಕಲ್ಲಿನದ್ದು."

ವರದಿ ಎರಡು ಪುಟ. ಎಡಗೈಯಲ್ಲಿ ಬರೆದದ್ದು, ಅಕ್ಷರ ಶಾಲೆಯ ಮಕ್ಕಳದ್ದರ ಹಾಗೆ. ಗ್ರೀಸು, ಕಡ್ಡಿ, ಕೇಬಲ್. ಹನ್ನೆರಡು ಫೋರ್ಕುಗಳಲ್ಲಿ ಐದಕ್ಕೆ ಬೆಸುಗೆಯ ಬಿರುಕು. ಮರಳಿನ ಚೀಲದ ಪರೀಕ್ಷೆ ಈ ದೋಷವನ್ನು ಯಾಕೆ ಹಿಡಿಯಲಿಲ್ಲ, ಬಣ್ಣ ತೆಗೆಯದೆ ಬಿಟ್ಟದ್ದು ಯಾರ ತಪ್ಪು. ಹೊಸ ಫೋರ್ಕುಗಳನ್ನು ಬಣ್ಣ ಹಚ್ಚುವ ಮೊದಲೇ ನೋಡಬೇಕು. ಹೆಲ್ಮೆಟ್ ಮುಖ ಮುಚ್ಚುವಂಥದ್ದೇ ಇರಬೇಕು. ಅದನ್ನು ಅವರ ಕೈಗೆ ಕೊಟ್ಟು, ಅದೇ ಮಧ್ಯಾಹ್ನ ತರಬೇತುದಾರನ ಜೊತೆ ಬಸ್ಸು ಹತ್ತಿ ಕಾಪುವಿಗೆ ಹೋಗಿ ಪೊಲೀಸ್ ಠಾಣೆಯಲ್ಲಿ ಇನ್ನೊಂದು ಕಾಗದ ಬರೆದು ಕೊಟ್ಟೆ. ಅದರಲ್ಲಿ ಸೈಕಲ್ಲಿನ ಗುಣದೋಷದ ಬಗ್ಗೆ ಏನೂ ಇರಲಿಲ್ಲ. ಯಾರು, ಯಾವುದರಿಂದ, ಎಲ್ಲಿಗೆ, ಎಷ್ಟು ಸಲ ಹೊಡೆದರು ಎಂದು ಮಾತ್ರ. ಅದನ್ನು ಓದಿದ ಪೊಲೀಸಿನವರು, "ನಿಮಗೆ ಇಂಥದ್ದು ಬರೆದು ಅಭ್ಯಾಸ ಉಂಟಾ?" ಎಂದು ಕೇಳಿದರು.

ಅಧ್ಯಕ್ಷರು ನನ್ನ ಮೇಲೆ ಬೇಸರ ಮಾಡಿಕೊಂಡರು. ಶಿಬಿರ ದಸರೆಗೆ ಆಗಲಿಲ್ಲ, ಕ್ರಿಸ್‌ಮಸ್ ರಜೆಗೆ ಹೋಯಿತು. ಹೊಸ ಫೋರ್ಕುಗಳು ಬಣ್ಣವಿಲ್ಲದೆ ನನ್ನ ಶೆಡ್ಡಿಗೆ ಬಂದವು. ಹನ್ನೆರಡನ್ನೂ ನೋಡಿದೆ, ಒಂದರಲ್ಲೂ ಗೆರೆ ಇರಲಿಲ್ಲ. ಮಕ್ಕಳು ಬಿದ್ದರು. ಬಹಳ ಸಲ ಬಿದ್ದರು ಎಂದು ತರಬೇತುದಾರ ಹೇಳಿದ. ಒಬ್ಬಳಿಗೆ ಮಣಿಕಟ್ಟು ಉಳುಕಿತು, ಒಬ್ಬನ ಮೊಣಕಾಲು ಒಡೆಯಿತು. ಸೈಕಲ್ಲಿನಲ್ಲಿ ಏನೂ ಮುರಿಯಲಿಲ್ಲ.

ಮೊಕದ್ದಮೆ ನಿಧಾನಕ್ಕೆ ನಡೆಯುತ್ತಾ ಉಂಟು. ಹಿಂದಿನ ಸಲ ಉಡುಪಿಯ ನ್ಯಾಯಾಲಯದ ಹೊರಗೆ ಕಾಯುವಾಗ ಜಾಗ ಒಂದೇ ಬೆಂಚಿನಲ್ಲಿ ಇತ್ತು. ವ್ಯಾಪಾರಿ ಬಂದು ಮೊದಲು ನಿಂತೇ ಇದ್ದ. ಆಮೇಲೆ ಆ ತುದಿಯಲ್ಲಿ ಕುಳಿತ. ನನ್ನ ಕಡೆ ನೋಡದೆ ಹೇಳಿದ: "ಈಗ ಬರುವ ಫೋರ್ಕು ಪ್ರತಿ ಲಾಟಿನಿಂದ ಎರಡನ್ನು ನಾನೇ ವೈಸಿಗೆ ಹಾಕಿ ಹೊಡೀತೇನೆ ಬಾಯಮ್ಮ."

"ಹೊಡೆಯಬೇಕೆಂದಿಲ್ಲ," ಎಂದೆ. "ಕೆಂಪು ಹಚ್ಚಿದರೆ ಸಾಕು. ಗೊತ್ತಾಗ್ತದೆ."

"ಹೊಡೆಯದೆ ನನಗೆ ನಂಬಿಕೆ ಬರುದಿಲ್ಲ."

ಸ್ವಲ್ಪ ಹೊತ್ತಿಗೆ ತಾನು ಹೇಳಿದ ಮಾತು ಅವನಿಗೇ ಕೇಳಿಸಿತೆಂದು ಕಾಣುತ್ತದೆ. ಅಂದು ನನ್ನನ್ನು ಹೊಡೆದಿದ್ದ ಬಲಗೈಯನ್ನು ತೊಡೆಯ ಮೇಲಿಂದ ತೆಗೆದು ಬೆಂಚಿನ ಕೆಳಗೆ ಇಳಿಬಿಟ್ಟ. ಅಷ್ಟರಲ್ಲಿ ಒಳಗಿನಿಂದ ನಮ್ಮ ಹೆಸರು ಕರೆದರು, ಮೊದಲು ನನ್ನದು, ಆಮೇಲೆ ಅವನದು. ನಾನು ಎದ್ದೆ.